ದಪ್ಪ ಅಕ್ಷರದ ಸೋದರಮಾವ

ಒಂದು

ಹಿರೇಬೆಂಡಿಗೇರಿಯ ರೈತ ಮಗಳ ಲಗ್ನಪತ್ರಿಕೆ ಮಾಡಿಸಲು ಸವಣೂರಿನ ನನ್ನ ಛಾಪಖಾನೆಗೆ ಬಂದ. ಮದುಮಕ್ಕಳ ಹೆಸರು ದಪ್ಪ ಅಕ್ಷರದಲ್ಲಿ, ಉಳಿದವರದು ಸಣ್ಣದರಲ್ಲಿ ಜೋಡಿಸಿ ಪ್ರೂಫ್ ಕೊಟ್ಟೆ.

ಊರೆಲ್ಲ ಕಂಪ್ಯೂಟರ್ ಆಗಿದೆ. ನಾನು ಸೀಸದ ಅಕ್ಷರ ಬಿಟ್ಟಿಲ್ಲ. ದಪ್ಪ ಅಕ್ಷರವೂ ಹಳೆಯದು. ಮೈ ತುಂಬಿದ್ದು, ತುದಿ ಚೂಪು. ಮೀಸೆ ತಿರುವಿ ಕಟ್ಟೆಯ ಮೇಲೆ ಕುಂತ ಗೌಡನಂತೆ ಕಾಣುತ್ತದೆ. ಚುನಾವಣೆಗೂ ಅದೇ, ಉರುಸಿಗೂ ಅದೇ, ಸತ್ತವರ ಫೋಟೊದ ಕೆಳಗೂ ಅದೇ.

ರೈತ ಪ್ರೂಫನ್ನೇ ನೋಡುತ್ತ ನಿಂತ.

"ಸಾಹೇಬ್ರ, ಹ್ವಾದ ವರ್ಷ ನಮ್ಮಪ್ಪ ತೀರ್ಕೊಂಡಾಗ ಇದ ಅಕ್ಷರದಾಗ ಕಾರ್ಡ್ ಮಾಡಿದ್ರಿ. ನೋಡಿದ್ರ ಅಳು ಬರ್ತೈತ್ರಿ."

"ಮಗಳನ್ನ ಕಳಸುವಾಗೂ ಅಳೂದ ಐತಿ. ಇರ್ಲಿ ಬಿಡಪಾ."

ಎರಡು

ಮರುದಿನ ಹಂಸಭಾವಿಯಿಂದ ಹುಡುಗಿಯ ಸೋದರಮಾವ ಬಂದ. ಅವರ ಪದ್ಧತಿಯಲ್ಲಿ ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆತರುವವನು ಅವನೇ.

"ನನ್ನ ಹೆಸರು ಇರುವಿ ಹಂಗ ಕಾಣ್ತೈತಲ್ರಿ?"

"ಎಲ್ಲಾ ಬೀಗರದೂ ಹಂಗ ಐತಿ."

"ನಾ ಎಲ್ಲಾರೊಳಗ ಒಬ್ಬೇನ್ರಿ? ದಪ್ಪ ಮಾಡ್ರಿ. ಇಲ್ಲಂದ್ರ ಲಗ್ನಕ್ಕ ಬರೂದಿಲ್ಲ."

ದಪ್ಪ ಮಾಡಿದೆ. ಅವನು ಹಾಳೆಯನ್ನು ಬಾಗಿಲಿಗೆ ಅಂಟಿಸಿ, ರಸ್ತೆಯ ಆಚೆ ಹೋಗಿ ನಿಂತ.

"ಇಲ್ಲಿಂದನೂ ಓದಾಕ ಬರ್ತೈತ್ರಿ!" ಎಂದು ಕೂಗಿದ.

ಅಷ್ಟರಲ್ಲಿ ಟಂಟಂ ಓಡಿಸುವವನೊಬ್ಬ ಗಾಡಿ ನಿಲ್ಲಿಸಿ ಹೆಸರು ಓದಿ, ಟೊಪ್ಪಿಗೆ ತೆಗೆದು ಕೇಳಿದ: "ಇವ್ರು ಯಾವಾಗ ತೀರ್ಕೊಂಡ್ರು, ಪಾಪ?"

ಮೂರು

ಸುದ್ದಿ ಬೀಗರಿಗೆ ಮುಟ್ಟಿತು. ವರನ ಕಡೆಯ, ಹಾನಗಲ್ಲಿನ ಸೋದರಮಾವ ತಾನೂ ದಪ್ಪ ಆಗಬೇಕೆಂದ. ಆಮೇಲೆ ಇಬ್ಬರು ದೊಡ್ಡಪ್ಪಂದಿರು. ಆಮೇಲೆ ಅತ್ತೆಯರ ಗಂಡಂದಿರು. ಒಬ್ಬೊಬ್ಬರ ಸಲುವಾಗಿಯೂ ರೈತ ನನಗೆ ಒಂದೊಂದು ಫೋನ್ ಮಾಡಿದ.

"ಹನ್ನೊಂದು ಹೆಸರು ದಪ್ಪ ಆದವು," ಎಂದೆ. "ಮುಹೂರ್ತ ಹಾಕಾಕ ಜಾಗಾ ಇಲ್ಲ."

"ಅದನ್ನ ಬಾಯಿಲೆ ಹೇಳ್ತೇನ್ರಿ."

ನಾಲ್ಕು

ಹುಡುಗಿಯ ಸೋದರಮಾವ ಮತ್ತೆ ಬಂದ. ಹಿಂದೆ ರೈತ.

"ನನ್ನ ಹೆಸರೆಲ್ಲಿ?"

"ಆರನೇ ಸಾಲು."

"ಕಾಣವಲ್ದು. ಎಲ್ಲಾರೂ ದಪ್ಪ ಆಗ್ಯಾರ. ನನಗ ಇನ್ನೂ ದಪ್ಪಂದು ಹಾಕ್ರಿ."

"ಅದಕ್ಕಿಂತ ದಪ್ಪ ನನ್ನ ಹತ್ರ ಇಲ್ಲ."

"ಹಂಗಾರ ಹುಡುಗಿನ್ನ ಯಾರು ಕರ್ಕೊಂಡು ಬರ್ತಾರೋ ಬರ್ಲಿ. ನಾ ಊರು ಬಿಟ್ಟು ಕದಲೂದಿಲ್ಲ."

ರೈತ ಬೆಂಚಿನ ಮೇಲೆ ಕುಸಿದ. "ಸಾಹೇಬ್ರ, ಎಂಟು ದಿನ ಉಳಿದೈತ್ರಿ. ಏನರ ಮಾಡ್ರಿ."

ಮಾವನ ಹೆಸರಿನ ದಪ್ಪ ಅಕ್ಷರ ಕಿತ್ತೆ. ನನ್ನಲ್ಲಿದ್ದ ಎಲ್ಲಕ್ಕಿಂತ ತೆಳ್ಳಗಿನ ಅಕ್ಷರ ಕೂಡಿಸಿದೆ. ಸುತ್ತ ಜಾಗ ಬಿಟ್ಟೆ. ಒಂದು ಪ್ರತಿ ತೆಗೆದೆ.

"ಇದ್ದದ್ದನ್ನೂ ಕಸ್ಕೊಂಡ್ರಿ?" ಎಂದು ಮಾವ ಎದ್ದು ನಿಂತ.

ನಾನು ಪಕ್ಕದ ಎಲೆ ಅಂಗಡಿಯವನನ್ನು ಕರೆದು ಹಾಳೆ ಕೈಗಿತ್ತೆ. "ಯಾರ ಹೆಸರು ಮೊದಲು ಕಂಡಿತು?"

ಅವನು ನೇರವಾಗಿ ಮಾವನ ಹೆಸರಿಗೇ ಬೆರಳಿಟ್ಟ. "ಇವ್ರು ಯಾರ್ರೀ? ಭಾಳ ದೊಡ್ಡ ಮನುಷ್ಯಾರಿರಬೇಕು."

ಮಾವ ಹಾಳೆ ಕಸಿದುಕೊಂಡು ನೋಡಿದ. ಕುಂತ. ನನ್ನ ಕಿವಿಯ ಹತ್ತಿರ ಬಾಗಿದ.

"ಇದನ್ನ ಛಾಪಿಸ್ರಿ. ಉಳದವ್ರು ತೆಳ್ಳಗ ಕೇಳಿದ್ರ ಅಕ್ಷರ ತೀರ್‍ಯಾವ ಅಂತ ಹೇಳ್ರಿ."

ಮೂವರು ತೆಳ್ಳಗಿನದು ಕೇಳಿದರು. ತೀರಿವೆ ಎಂದೆ. ಲಗ್ನದ ದಿನ ಸೋದರಮಾವ ಎಲ್ಲರಿಗಿಂತ ಮೊದಲು ಬಂದು, ಹುಡುಗಿಯನ್ನು ಹಂದರಕ್ಕೆ ಕರೆತಂದ.