ಎಕ್ಸಲೇಟರ್ ವಾಯರೂ ಸೋದರಮಾವನ ಮಾನವೂ

ಉಮರ್ಗಾದಲ್ಲಿ ಕಾರು ಇಟ್ಟವರು ಬಹಳ ಮಂದಿ; ಅದರ ರಿಪೇರಿಯೂ ಬಲ್ಲ ಕಿರಾಣಿ ವ್ಯಾಪಾರಿ ಮಾತ್ರ ನಾನೊಬ್ಬನೇ. ಅದಕ್ಕೇ ಇಂಥ ಫಜೀತಿಗಳೆಲ್ಲ ಮನೆ ಹುಡುಕಿಕೊಂಡು ನನ್ನ ಕಡೆಗೇ ಬರುತ್ತವೆ. ಮೊನ್ನೆ ವಲಾಂಡಿಯಲ್ಲಿ ತಂಗಿಯ ಮಗಳ ನಿಶ್ಚಯ. ಹುಡುಗಿಗೆ ನಾನೊಬ್ಬನೇ ಸೋದರಮಾವ. ನಾನು ಕೈ ಹಿಡಿದು ಕೂರಿಸದೆ ಆಕೆ ಮಣೆ ಏರುವಂತಿಲ್ಲ. ಮುಹೂರ್ತ ಹನ್ನೆರಡಕ್ಕೆ. ಹಿಂದಿನ ದಿನವೇ ನೋಡಿ, ನನ್ನ ಇಪ್ಪತ್ತೈದು ವರ್ಷದ ಕಾರು ಕೈ ಕೊಟ್ಟಿತು.

೧. ಯೆಣೆಗೂರಿನ ಸುತಳಿ

ಹೆಂಡತಿಯೊಡನೆ ಯೆಣೆಗೂರಿನಿಂದ ಬರುತ್ತಿದ್ದೆ. ಎಕ್ಸಲೇಟರ್ ಪೆಡಲ್ ಎಷ್ಟು ತುಳಿದರೂ ಕಾರು ಬರೀ ಗೊಣಗುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಪೆಡಲಿನಿಂದ ಕಾರ್ಬುರೇಟರಿಗೆ ಹೋಗುವ ವಾಯರ್ ಹರಿದಿತ್ತು. ಕಿರಾಣಿಯವನ ಗಾಡಿಯಲ್ಲಿ ಚೀಲ ಕಟ್ಟುವ ಸುತಳಿಗೇನು ಬರ? ಒಂದು ತುದಿ ಕಾರ್ಬುರೇಟರಿಗೆ ಕಟ್ಟಿ, ಇನ್ನೊಂದನ್ನು ಕಿಟಕಿಯಿಂದ ಹೆಂಡತಿಯ ಕೈಗೆ ಕೊಟ್ಟೆ.

"ಎಳಿ ಅಂದ್ರ ಎಳಿ, ಬಿಡು ಅಂದ್ರ ಬಿಡು."

"ಮೂವತ್ತು ವರ್ಷದಾಗ ನಿಮ್ಮ ಯಾವ ಮಾತು ಹಂಗ ಕೇಳೀನ್ರೀ?"

ಅವಳು ಬೇಕಾದಾಗ ಎಳೆದಳು, ಬೇಕಾದಾಗ ಬಿಟ್ಟಳು. ಢಾಬಾದ ಮುಂದೆ ನಿಂತವನೊಬ್ಬ, "ಶೇಟಜೀ, ಗಾಡಿ ಯಾರ ನಡಸ್ಲಾಕತ್ಯಾರ?" ಎಂದು ಕೂಗಿದ. ನಾನು ಗತ್ತಿನಿಂದ ಹಾರ್ನ್ ಹೊಡೆದೆ. ಅದೊಂದು ನನ್ನ ಕೈಯಲ್ಲಿತ್ತು.

೨. ಕಂಡದ್ದು ಕಾಲಷ್ಟೇ

ಮರುದಿನ ಬೆಳಿಗ್ಗೆ ಏಳಕ್ಕೇ ಹೊಸ ವಾಯರ್ ತಂದೆ.

"ಗ್ಯಾರೇಜ್ ಮಿಸ್ತ್ರಿಗಿ ಕರೀರಿ, ಇಲ್ಲಾಂದ್ರ ಎಸ್‌ಟಿ ಬಸ್ಸಿಗಿ ಹೋಗೋಣು," ಅಂದಳು ಹೆಂಡತಿ.

"ಹುಡುಗಿ ಮಾವ ಎಸ್‌ಟಿಯಾಗ ಹೋಗಿ ಇಳೀತಾನೇನು?"

ಪೆಡಲಿನಿಂದ ಹಳೇ ವಾಯರ್ ಬಿಚ್ಚಲು ಸ್ಟೇರಿಂಗಿನ ಕೆಳಗೆ ತಲೆ ತೂರಿಸಬೇಕು. ತಲೆ ಒಳಗೆ ಹೋದಷ್ಟೂ ಕಾಲು ಬಾಗಿಲಿನಿಂದ ಹೊರಗೆ ಬಂದವು. ಹೆಂಡತಿ ಅತ್ತ ಬಾನೆಟ್ಟಿನ ಹತ್ತಿರ ವಾಯರಿನ ಇನ್ನೊಂದು ತುದಿ ಜಗ್ಗಲು ನಿಂತಿದ್ದಳು. ಅದೇ ಹೊತ್ತಿಗೆ ಪಕ್ಕದ ಮನೆಗೆ ಬಂದ ಹೊಸ ಸೊಸೆ, ಓಣಿಯ ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತ ನಮ್ಮಲ್ಲಿಗೂ ಬಂದಳು. ನನ್ನಲ್ಲಿ ಕಂಡದ್ದು ಕಾಲಷ್ಟೇ. ಭಕ್ತಿಯಿಂದ ಮುಟ್ಟಿದಳು.

ನಾನು ಒಳಗಿನಿಂದ ಹೆಂಡತಿಗೆ ಕೂಗಿದೆ: "ಹಿಡದೀಯೇನು? ಗಟ್ಟಿ ಹಿಡಿ. ಈಗ ಜಗ್ಗು!"

ಪಾಪ, ಹುಡುಗಿ ಜಗ್ಗಿದಳು. ನಾನು ಹೊರಗೆ ಬಂದೆ, ವಾಯರ್ ಒಳಗೇ ಉಳಿಯಿತು. ಇಷ್ಟು ಮಾತು ಕೇಳುವ ಸೊಸೆ ಓಣಿಯಲ್ಲೇ ಇಲ್ಲ ಎಂದು ಅವಳ ಅತ್ತೆ ಈಗಲೂ ಹೇಳಿಕೊಂಡು ತಿರುಗುತ್ತಾಳೆ.

೩. ಢೀಲಾ ಬಿಡೋರಲ್ಲ

"ಶೇಟಜೀ, ವಾಯರ್ ಜರಾ ಢೀಲಾ ಬಿಡ್ರಿ," ಎಂದು ಅದನ್ನು ಮಾರಿದ ಅಂಗಡಿಯವ ಹೇಳಿದ್ದ. ಸಡಿಲ ಬಿಡಬೇಕಂತೆ! ಮೂರು ತಲೆಮಾರಿನಿಂದ ತೊಗರಿ ಚೀಲದ ಬಾಯಿ ಕಟ್ಟಿದ ಮನೆತನ ನಮ್ಮದು. ಸಡಿಲ ಕಟ್ಟಿದ ಚೀಲ ಉದಗೀರ ಮುಟ್ಟುವುದರೊಳಗೆ ಅರ್ಧವಾಗುತ್ತದೆ. ನಟ್ ತಿರುವಿ ತಿರುವಿ ವಾಯರನ್ನು ಏಕತಾರಿಯ ತಂತಿ ಮಾಡಿದೆ. ಚಾವಿ ತಿರುಗಿಸಿದ ಕೂಡಲೇ ಕಾರು ಹುಲಿಯಂತೆ ಗರ್ಜಿಸಿತು.

"ನೋಡು, ಪೆಡಲ್ ತುಳೀಲಾರದೇ ಓಡ್ತದ!"

"ನಿಲ್ಲತದೇನ್ರೀ?"

"ಓಡಸೂದು ವಿದ್ಯಾ. ನಿಲ್ಲಸೂದೇನು, ಪೆಟ್ರೋಲ್ ತೀರಿದ್ರ ತಾನೇ ನಿಲ್ಲತದ."

೪. ವಲಾಂಡಿಯ ಸುತ್ತು

ನಿಲಂಗಾ ದಾಟಿದ್ದು ಕಣ್ಣಿಗೇ ಬೀಳಲಿಲ್ಲ. ಹನ್ನೊಂದೂ ಮುಕ್ಕಾಲಿಗೆ ತಂಗಿಯ ಮನೆ ಬಂತು. ಬ್ರೇಕ್ ಒತ್ತಿದರೆ ಕಾರು ಹಟ ಹಿಡಿದು ಎಳೆಯಿತು, ಕ್ಲಚ್ ಒತ್ತಿದರೆ ಕಿರುಚಿತು. ಮಂದಿ ದಾರಿ ಬಿಟ್ಟರು, ನಾನು ಮುಂದೆ ಹೋದೆ.

ನಮ್ಮ ಕಡೆ ಮಾವ ಬಾಗಿಲ ತನಕ ಬಂದು ಇಳಿಯದೆ ಹೋದ ಅಂದರೆ ಒಂದೇ ಅರ್ಥ: ಮಾನಪಾನದಲ್ಲಿ, ಅಂದರೆ ಮರ್ಯಾದೆ-ಉಡುಗೊರೆಯಲ್ಲಿ, ಏನೋ ಕಡಿಮೆ ಬಿದ್ದು ಸಿಟ್ಟಾಗಿದ್ದಾನೆ. ಅಲ್ಲೇ ಇದ್ದ ಮಠಕ್ಕೆ ಸುತ್ತು ಹಾಕಿ ಬರುವಷ್ಟರಲ್ಲಿ ತಂಗಿಯ ಗಂಡ ಮಾನದ ಟೋಪಿ-ಟಾವೆಲ್ ಹಿಡಿದು ಓಡಿ ಬಂದ.

"ಅಣ್ಣಾರ, ಏನ್ ತಪ್ಪಾತ್ರೀ ನಮ್ಮಿಂದ?"

"ಗಾಡಿ ನಿಲ್ಲವಲ್ದೋ!"

ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಟೋಪಿ-ಟಾವೆಲ್ ಕಿಟಕಿಯಿಂದ ಒಳಗೆ ಬಿತ್ತು. ಎರಡನೇ ಸುತ್ತಿಗೆ ಧೋತರ ಬಿತ್ತು. ಮೂರನೇದಕ್ಕೆ ತಂಗಿ ಅಡ್ಡ ನಿಂತು, "ಅಣ್ಣಾ, ಸಿಟ್ಟ ಬಿಡೋ! ಮುಹೂರ್ತ ಮೀರ್ಲಾಕತ್ತದ!" ಎಂದು ಅತ್ತಳು. ಅವಳ ಪಕ್ಕದಿಂದ ಗಾಡಿ ಹೊರಳಿಸಿ ಮುಂದೆ ಹೋದೆ.

"ಚಾವಿ ತಿರುವ್ರೀ, ಬಂದ್ ಆಗತದ!" ಹೆಂಡತಿ ಚೀರಿದಳು.

ಅದು ನನಗೆ ಮೊದಲ ಸುತ್ತಿಗೇ ಹೊಳೆದಿತ್ತು. "ತಡಿ. ಹುಡುಗನ ಅಪ್ಪ ಪೇಟಾ ಹಿಡಕೊಂಡು ಬರ್ಲಾಕತ್ಯಾನ."

ಪೇಟಾ ತಲೆಗೆ ಬಂದ ಮೇಲೆ ಹೆಂಡತಿಯೇ ಚಾವಿ ತಿರುವಿದಳು. ನಾನು ದೊಡ್ಡ ಮನಸ್ಸು ಮಾಡಿ ಇಳಿದೆ. ಮುಹೂರ್ತಕ್ಕೆ ಎರಡು ನಿಮಿಷ ಉಳಿದಿರುವಾಗ ಹುಡುಗಿಯ ಕೈ ಹಿಡಿದು ಮಣೆಯ ಮೇಲೆ ಕೂರಿಸಿದೆ. ತಂಗಿ ಕಣ್ಣೊರೆಸಿಕೊಂಡಳು.

"ಹುಡುಗನ ಸೋದರಮಾವಗ ಕರೀರಿ," ಅಂದರು ಸ್ವಾಮಿಗಳು.

ಅಂವ ಎಲ್ಲಿ? ನನ್ನ ಪೇಟಾ ನೋಡಿದವನೇ ಹೊರಗೆ ಹೋಗಿ ತನ್ನ ಹೊಸ ಗಾಡಿ ಸ್ಟಾರ್ಟ್ ಮಾಡುತ್ತಿದ್ದ.