ನಾಲ್ಕು ಗುಂಪು ರೊಟ್ಟಿ

ಕುಷ್ಟಗಿಗೆ ರೊಟ್ಟಿ ಕಡಿಮೆ ಹೋದದ್ದು ಸೊಸೆಯ ಕೈಬಿಗಿಯಿಂದಲ್ಲ, ನನ್ನ ಕಣ್ಣಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಡ ಮಾಡಿದರೆ ನನ್ನ ನಾಲಿಗೆ ಬೇರೆ ಕಥೆ ಕಟ್ಟೀತು.

ನನ್ನ ಬಲಗಣ್ಣಿನ ಒಳಪರದೆ ಕಳಚಿತ್ತು. ಗೋಡೆಯ ಸುಣ್ಣ ಕಳಚುವುದನ್ನು ನೋಡಿದ್ದೆ, ಕಣ್ಣಿನೊಳಗೂ ಹೀಗೆಲ್ಲ ಆಗುತ್ತದೆಂದು ಗೊತ್ತಿರಲಿಲ್ಲ. ಆಪರೇಷನ್ ಮಾಡಿ ಕೂಡಿಸಿದರು, ನೋಟ ಬಂತು. ಆದರೆ ಆ ಕಣ್ಣು ಎಡಗಣ್ಣಿನ ಜೊತೆ ಹೊರಳುವುದನ್ನು ಬಿಟ್ಟಿತು. ಒಂದಿದ್ದದ್ದು ಎರಡು ಕಾಣತೊಡಗಿತು. ಮಗನೂ ಇಬ್ಬರಾದ, ಇಬ್ಬರೂ ನನ್ನ ಮಾತು ಕೇಳುವುದಿಲ್ಲ. "ಸದ್ಯಕ್ಕ ಚಷ್ಮಾದ ಒಂದು ಗಾಜಿಗೆ ಪಟ್ಟಿ ಹಚ್ಚಿಕೊಳ್ರಿ ಅಮ್ಮಾ, ಒಂದ ಕಾಣತೈತಿ" ಎಂದು ಡಾಕ್ಟರು ತಾವೇ ಹಚ್ಚಿಕೊಟ್ಟರು. ಕನ್ನಡಿ ನೋಡಿದರೆ ಥೇಟ್ ಗಾಣದ ಎತ್ತು. ಗಂಗಾವತಿಯ ಮನೆಗೆ ಬಂದವಳೇ ಆ ಚಷ್ಮಾ ತೆಗೆದು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ.

ಅಷ್ಟರಲ್ಲಿ ಕುಷ್ಟಗಿಗೆ ಕೊಟ್ಟ ಮೊಮ್ಮಗಳ ಬಸಿರಿನ ಕುಬಸ ಬಂತು. ತವರಿನಿಂದ ನೂರು ರೊಟ್ಟಿಯ ಬುತ್ತಿ ಹೋಗಬೇಕು, ಬೀಗರು ಅದನ್ನು ಮರುದಿನ ಓಣಿಗೆಲ್ಲ ಹಂಚಬೇಕು. ಸೊಸೆ ಶಾರದಾ ಬಡಿದಳು, ನಾನು ಬೇಯಿಸಿ ಗೋಡೆಗೆ ಒರಗಿಸಿದೆ. ರೊಟ್ಟಿಯನ್ನು ನಾನು ಒಂದೊಂದಾಗಿ ಎಣಿಸುವವಳಲ್ಲ. ಕೈಯಂದಾಜಿನಲ್ಲಿ ಇಪ್ಪತ್ತೈದಕ್ಕೆ ಒಂದು ಗುಂಪು, ಗುಂಪು ನಾಲ್ಕಾದರೆ ನೂರು.

"ನಾಕ ಆದವು, ಒಲಿ ಆರಸು" ಎಂದೆ.

"ಅತ್ತೀ, ಇನ್ನೂ ಹಿಟ್ಟು ಭಾಳ ಐತ್ರಿ."

"ನನಗ ಲೆಕ್ಕ ಕಲಿಸಾಕ ಬಂದಿ ಏನು?"

ಅವಳು ಒಲೆ ಆರಿಸಿದಳು. ಮಗ ಬುಟ್ಟಿ ಹೊತ್ತು ಹೋದ. ಸಂಜೆ ಬೀಗತಿಯ ಫೋನು: "ಅಮ್ಮಾರ, ಐವತ್ತ ರೊಟ್ಟಿ ಬಂದಾವಲ್ರಿ. ನಾಳಿ ಅರ್ಧ ಓಣಿಗೆ ಹಂಚಿ ಅರ್ಧಕ್ಕ ಬಾಗಿಲಾ ಹಾಕ್ಕೊಳ್ಳಲೇನ್ರಿ?"

ನಾನು ಫೋನಿಟ್ಟು ಶಾರದಾಳ ಮೇಲೆ ಹರಿಹಾಯ್ದೆ. "ಉಳದಿದ್ದು ಎಲ್ಲಿ ಇಟ್ಟಿ? ನಿನ್ನ ಕೈ ಬಿಗಿ ನನಗ ಗೊತ್ತಿಲ್ಲೇನು?"

"ಅಕಿ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಅತ್ತೀ" ಎಂದಳು. ಅಷ್ಟೇ. ಕಣ್ಣು ಒರೆಸಿಕೊಂಡು ಒಳಗೆ ಹೋಗಿ ಚಹಾ ತಂದು ಮುಂದೆ ಇಟ್ಟಳು. ಕೈ ಚಾಚಿದೆ, ಗಾಳಿ ಸಿಕ್ಕಿತು.

"ಎಷ್ಟ ಕಪ್ ಅದಾವ್ರಿ?"

"ಎರಡ. ಯಾಕ?"

"ನಾ ಒಂದ ತಂದೀನ್ರಿ."

ಚಹಾ ಆರಿತು.

ಮರುದಿನ ಬೆಳಕು ಹರಿಯುತ್ತಲೇ ಚಷ್ಮಾ ಏರಿಸಿ ಬೀಗತಿಗೆ ಫೋನು ಮಾಡಿದೆ: "ಶಾರದಾಂದು ಏನೂ ತಪ್ಪಿಲ್ಲವಾ. ನನ್ನ ಕಣ್ಣಿಗೆ ನೂರ ಕಂಡಿದ್ದವು. ಹಂಚಬ್ಯಾಡ, ಮಧ್ಯಾಹ್ನದೊಳಗ ಬರತೀನಿ." ಶಾರದಾ ಬಡಿದಳು, ನಾನು ಬೇಯಿಸಿದೆ. ಗೋಡೆಯ ಕಡೆ ನೋಡಿ ಲೆಕ್ಕ ಬಾಯಿಗೆ ಬಂದಿತ್ತು, ನುಂಗಿಕೊಂಡು, "ಎಷ್ಟಾದವು, ಶಾರದಾ?" ಎಂದೆ. ಅವಳು ಈ ಮನೆಗೆ ಬಂದ ಮೇಲೆ ನಾನು ಹಾಗೆ ಕೇಳಿದ್ದು ಅದೇ ಮೊದಲು.

"ಐವತ್ತ ಅದಾವ್ರಿ" ಎಂದು ಅವಳು ಕೈ ತೊಳೆಯಲು ಹಿತ್ತಲಿಗೆ ಹೋದಳು. ಹೋದದ್ದೇ ತಡ, ನಾನು ಒಂದೊಂದಾಗಿ ಮುಟ್ಟಿ ಎಣಿಸಿದೆ. ಸರಿಯಾಗಿದ್ದವು. ಬುಟ್ಟಿ ಎತ್ತಿಕೊಂಡು ಕುಷ್ಟಗಿ ಬಸ್ಸು ಹಿಡಿಯಲು ನಡೆದೆ.