ನಮ್ಮ ಮನೆಯ ಜೀರಿಗೆ ನೀರು

ನನ್ನಷ್ಟು ಹೆದರುಪುಕ್ಕಲ ಗಂಡಸು ಇಡೀ ಕಡಬದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಹಾವಿಗೆ, ಆನೆಗೆ ಅಷ್ಟಾಗಿ ಹೆದರುವವನಲ್ಲ. ನನ್ನ ಹೆದರಿಕೆಯೆಲ್ಲ ಕಣ್ಣಿಗೆ ಕಾಣದ ರೋಗಾಣುಗಳಿಗೆ. ಆದ್ದರಿಂದ ಮನೆಯಲ್ಲಿ ಕುಡಿಯುವ ನೀರಿನ ಉಸ್ತುವಾರಿಯನ್ನು ಹೆಂಡತಿಗೂ ಬಿಡದೆ ನಾನೇ ಇಟ್ಟುಕೊಂಡಿದ್ದೇನೆ. ಬೆಳಗ್ಗೆ ಎದ್ದವನೇ ಜೀರಿಗೆ ಹಾಕಿ ನೀರನ್ನು ಕೊತಕೊತ ಕುದಿಸುತ್ತೇನೆ. ನೆಂಟರ ಮನೆಯಲ್ಲಿ ಲೋಟ ಕೈಗೆ ಬಂದ ಕೂಡಲೇ "ಇದು ಕುದಿಸಿದ್ದಾ?" ಎಂದು ಕೇಳಿ ಹೆಂಡತಿಯಿಂದ ಚಿವುಟಿಸಿಕೊಂಡದ್ದೂ ಉಂಟು.

ಹೀಗಿರುವಾಗ, ಒಂಬತ್ತನೇ ಕ್ಲಾಸಿನ ನನ್ನ ಮಗಳು ಸ್ಫೂರ್ತಿಯ ಪಕ್ಕದಲ್ಲೇ ಕೂರುವ ಶ್ರಾವ್ಯಳಿಗೆ ಜಾಂಡಿಸ್ ಆಗಿ ಪುತ್ತೂರಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಇಬ್ಬರೂ ಒಂದೇ ಬುತ್ತಿಗೆ ಕೈ ಹಾಕುವವರು. ಅಂದಿನಿಂದ ದಿನಾ ಮಗಳನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ, ರೆಪ್ಪೆ ಎಳೆದು ಕಣ್ಣು ನೋಡುವುದೇ ನನ್ನ ಕೆಲಸವಾಯಿತು. ಒಮ್ಮೆ ಅವಳ ಉಗುರು ಹಳದಿಯಾದದ್ದು ಕಂಡು ಬೊಬ್ಬೆ ಹಾಕಿದೆ. "ಅದು ಅರಸಿನ ಮಾರಾಯ್ರೆ, ಸಾಂಬಾರಿಗೆ ಹಾಕ್ಲಿಕ್ಕೆ ನಾನೇ ಹೇಳಿದ್ದು" ಎಂದಳು ಹೆಂಡತಿ. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬಬೇಡಿ ಎಂದು ಊರಿಗೆ ಬುದ್ಧಿ ಹೇಳುವ ನಾನು, ಅದರಲ್ಲಿ ಬಂದ ಕಾಮಾಲೆಯ ಲಕ್ಷಣಗಳನ್ನು ಗುಟ್ಟಾಗಿ ಓದಿ ಓದಿ ನಿದ್ದೆಗೆಟ್ಟೆ. ಬಸ್‌ಸ್ಟ್ಯಾಂಡಿನ ಚರ್ಮುರಿ ಗಾಡಿಯನ್ನು, ಐಸ್‌ಕ್ಯಾಂಡಿಯನ್ನು, ಕೊನೆಗೆ ಶ್ರಾವ್ಯಳ ಮನೆಯ ಬಾವಿಯನ್ನೂ ಬೈದೆ.

ಅಷ್ಟರಲ್ಲಿ ಶಾಲೆಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟರು: ಮನೆಯಲ್ಲಿ ಕುಡಿಯುವ ನೀರನ್ನು ಹೇಗೆ ಸಿದ್ಧ ಮಾಡುತ್ತಾರೆಂದು ಕೇಳಿ ಬರೆದು ತರಬೇಕು. ಮಗಳು ಪುಸ್ತಕ ಹಿಡಿದು ಎದುರು ಕೂತಳು. ನಾನು ಎದೆಯುಬ್ಬಿಸಿ ಹೇಳತೊಡಗಿದೆ.

"ಕುದಿಸಿದ ಮೇಲೆ ಎಂತ ಮಾಡುದು?"

"ನಿನ್ನ ಬಾಟಲಿಗೆ ತುಂಬಿಸುದು."

"ಅಷ್ಟು ಬಿಸಿಯನ್ನಾ?"

"ಬಿಸಿ ಹಾಕಿದ್ರೆ ಬಾಟಲಿ ಸೊಟ್ಟ ಆಗುದಿಲ್ವಾ? ಬಸ್ಸಿಗೂ ಹೊತ್ತಾಗಿರ್ತದೆ. ಅರ್ಧ ಬಿಸಿ, ಅರ್ಧ ಕೊಡಪಾನದ ತಣ್ಣೀರು."

ಪೆನ್ನು ನಿಂತಿತು. "ಆ ಕೊಡಪಾನದ್ದನ್ನು ಯಾರು ಕುದಿಸಿದ್ದು ಅಪ್ಪ?"

ಅದು ಬಾವಿಯಿಂದ ಸೇದಿ ತಂದು ಹಾಗೇ ಇಟ್ಟ ನೀರು. ಇಷ್ಟು ವರ್ಷ ನಾನು ಸರಿಯಾಗಿ ಕುದಿಸಿದ್ದು ಜೀರಿಗೆಯನ್ನು ಮಾತ್ರ.

"ಆಯ್ತು, ನೀನು ಶ್ರಾವ್ಯಳ ಬಾಟಲಿಯದ್ದು ಕುಡಿದಿಲ್ಲ ತಾನೆ?" ಎಂದೆ, ಸ್ವರ ಸಣ್ಣದು ಮಾಡಿ.

"ನಾನಲ್ಲ, ಅವಳೇ ನಮ್ಮದನ್ನು ಕುಡಿಯುದು. ಸ್ಫೂರ್ತಿಯ ಅಪ್ಪ ಕುದಿಸಿಯೇ ಕೊಡುದು, ಅದನ್ನೇ ಕುಡಿ ಅಂತ ಅವಳ ಅಮ್ಮ ಹೇಳಿದ್ದಂತೆ."

ಮರುದಿನವೇ ಮಗಳ ರಕ್ತಪರೀಕ್ಷೆ ಮಾಡಿಸಿದೆ, ಏನೂ ಇರಲಿಲ್ಲ. ಶ್ರಾವ್ಯಳಿಗೆ ಯಾವ ನೀರಿನಿಂದ ಬಂತೋ, ಡಾಕ್ಟರರಿಗೂ ಹೇಳಲಾಗಲಿಲ್ಲ. ನನಗೆ ಮಾತ್ರ ಊಟ ಸೇರಲಿಲ್ಲ. ಅವಳು ಹುಷಾರಾಗಿ ಮನೆಗೆ ಬಂದಳೆಂದು ಕೇಳಿ ನೋಡಲು ಹೋದೆ. ಅವಳ ಅಮ್ಮ ಲೋಟದಲ್ಲಿ ನೀರು ತಂದಿಟ್ಟರು. "ಅಕ್ಕಾ, ನಾನು ಬಾಟಲಿಗೆ ತಣ್ಣೀರು ಬೆರೆಸ್ತಿದ್ದೆ, ನನ್ನದು ತಪ್ಪಾಯ್ತು" ಎಂದು ಹೇಗೋ ಹೇಳಿ ಮುಗಿಸಿದೆ. ಮಂಚದ ಮೇಲಿದ್ದ ಶ್ರಾವ್ಯ ಹೇಳಿದಳು: "ಗೊತ್ತುಂಟು ಅಂಕಲ್, ನಿಮ್ಮನ್ನು ಕೇಳಿ ಬರೆದ ದಿನವೇ ಸ್ಫೂರ್ತಿ ಫೋನ್ ಮಾಡಿ ಹೇಳಿದ್ಲು. ಇದು ಪೂರ್ತಿ ಕುದಿಸಿ ಆರಿಸಿದ್ದು, ನೀವು ಹೆದರದೆ ಕುಡೀರಿ."

ಬೇರೆಯವರ ಮನೆಯ ಲೋಟದ ನೀರನ್ನು ನಾನು ಏನೂ ಕೇಳದೆ ಕುಡಿದದ್ದು ಅದೇ ಮೊದಲು.